ಮನೆಯ ಚಿತ್ರ ಮನೆಯವರಿಗೆ ಕಾಣಲಿ

ಸ್ಮರಣ ಸಂಚಿಕೆ ಎಂಬ ಹೆಸರೇ ಹೇಳುವಂತೆ, ಇಂಥ ಸಂಪುಟಗಳು ಬೆಳಕು ಕಾಣುವುದು ನೆನಪನ್ನು ಕಾಪಾಡಿಕೊಳ್ಳುವುದಕ್ಕಾಗಿ. ಸಂಸ್ಥೆಯ ಮೊದಲ ದಿನಗಳ ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ಸಂಪಾದಕರು ಎಲ್ಲಿಂದಲೋ ಹುಡುಕಿ ತಂದು ಅಚ್ಚು ಹಾಕಿಸುತ್ತಾರೆ. ಬೆಂಚಿನ ಮೇಲೆ ಸಾಲಾಗಿ ಕುಳಿತ ಗುರುಗಳು, ಹಿಂದೆ ಕೈಕಟ್ಟಿ ನಿಂತ ಬಾಲಕರು, ಮೂಲೆಯಲ್ಲಿ ಒಂದು ಬೇವಿನ ಗಿಡ. ಅಷ್ಟನ್ನು ಕಂಡೊಡನೆ ಹಳೆಯ ವಿದ್ಯಾರ್ಥಿಯೊಬ್ಬನ ಕಣ್ಣು ಒದ್ದೆಯಾಗುತ್ತದೆ. ಅರುವತ್ತು ವರ್ಷದ ಹಿಂದಿನ ಆ ಕಾಗದದ ಚಿತ್ರವನ್ನು ನೋಡುವುದಕ್ಕೆ ಯಾವ ಯಂತ್ರವೂ ಬೇಡ, ಹಗಲಿನ ಬೆಳಕೊಂದಿದ್ದರೆ ಸಾಕು. ಆದರೆ ಅದಕ್ಕಿಂತ ಎಷ್ಟೋ ಈಚಿನದಾದ, ಮಾತನಾಡುವ, ನಡೆದಾಡುವ ಚಿತ್ರಗಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ರಾಶಿಯಾಗಿ ಬಿದ್ದಿದ್ದರೂ ನಮಗೆ ಕಾಣದಂತಾಗಿವೆ. ಮದುವೆಯ ಕ್ಯಾಸೆಟ್ಟು, ವಾರ್ಷಿಕ ಸ್ನೇಹ ಸಮ್ಮೇಳನದ ಸಿ.ಡಿ., ಜಾತ್ರೆಯ ಡಿ.ವಿ.ಡಿ. - ಇವು ಕಪಾಟಿನಲ್ಲಿವೆ. ಆದರೆ ಇದ್ದೂ ಇಲ್ಲದಂತಿವೆ.

ಈ ಪುಟ್ಟ ಲೇಖನದ ಉದ್ದೇಶ ಈ ವಿಷಯದಲ್ಲಿ ನಮ್ಮ ಹೊಣೆ ಏನೆಂಬುದನ್ನು ವಿಚಾರಿಸುವುದು. ಮನೆಯಲ್ಲಿ ತೆಗೆದ ಚಿತ್ರವನ್ನು ಡಿಸ್ಕಿಗೆ ಇಳಿಸಿ, ಟಿ.ವಿ.ಗೆ ಜೋಡಿಸಿದ ಸಾಮಾನ್ಯ ಪ್ಲೇಯರಿನಲ್ಲಿ ನೋಡುವಂತೆ ಮಾಡುವುದು ಮೇಲುನೋಟಕ್ಕೆ ಬರಿಯ ಕೈಗೆಲಸವೆಂದು ತೋರುತ್ತದೆ. ಆದರೆ ಅದರ ಹಿಂದೆ ಒಂದು ಧರ್ಮಸೂಕ್ಷ್ಮವಿದೆಯೆಂದು ನಾನು ಬಲ್ಲೆ. ಮುದ್ರಿಸಿದ ಚಿತ್ರವು ಮುದ್ರಿಸಿದವನ ಅನುಕೂಲಕ್ಕೆ ತಕ್ಕಂತೆ ಇರತಕ್ಕದ್ದಲ್ಲ, ನೋಡುವವರ ಶಕ್ತಿಗೆ ತಕ್ಕಂತೆ ಇರತಕ್ಕದ್ದು. ಹಾಗೂ ಒಮ್ಮೆ ಮುದ್ರಿಸಿಟ್ಟ ಮಾತ್ರಕ್ಕೆ ಹೊಣೆ ತೀರುವುದಿಲ್ಲ, ಅದನ್ನು ಕಾಲಕಾಲಕ್ಕೆ ಪ್ರತಿಮಾಡುತ್ತಿರಬೇಕು. ಇವೆರಡೇ ನಾನು ಹೇಳಬೇಕೆಂದಿರುವ ಮಾತುಗಳು. ಇವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮನೆಯಲ್ಲಾದ ನಷ್ಟದಿಂದ ಕಲಿತೆ. ಸ್ವಂತ ವಿಷಯವನ್ನು ಪ್ರಸ್ತಾಪಿಸುವುದಕ್ಕಾಗಿ ವಾಚಕರು ಕ್ಷಮಿಸಬೇಕು.

ನಮ್ಮ ತಾಯಿಯವರು ಓದು ಬರೆಹ ಅರಿತವರಲ್ಲ. ಆದರೆ ಬೀಸುಕಲ್ಲಿನ ಪದಗಳು ಅವರಿಗೆ ನೂರಾರು ಬಾಯಿಪಾಠವಾಗಿದ್ದವು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾದ ಮೇಲೂ ಅವರು ಹಾಗೂ ಓಣಿಯ ಅವರ ಗೆಳತಿಯೊಬ್ಬರು ಹಬ್ಬ ಹುಣ್ಣಿಮೆಗಳಲ್ಲಿ ಎದುರುಬದುರು ಕುಳಿತು ಬೀಸುತ್ತ ಹಾಡುತ್ತಿದ್ದರು. ೧೯೯೯ರಲ್ಲಿ ನಮ್ಮ ಭಾವನವರು ಊರಿಗೆ ಬಂದಾಗ ತಮ್ಮ ಬಳಿಯಿದ್ದ ಸಣ್ಣ ವಿಡಿಯೊ ಕ್ಯಾಮರಾದಿಂದ ಅದನ್ನು ತೆಗೆದರು. ಎಂಟು ಮಿಲಿಮೀಟರ್ ಅಗಲದ ಟೇಪಿನ ಕ್ಯಾಸೆಟ್ಟು. ನಲವತ್ತೆರಡು ನಿಮಿಷದ ಮುದ್ರಣ. ಆ ಕ್ಯಾಸೆಟ್ಟನ್ನು ಕ್ಯಾಮರಾದಲ್ಲಿಯೇ ಹಾಕಿ ನೋಡಬೇಕಾಗಿತ್ತು. ಕ್ಯಾಮರಾ ಭಾವನವರ ಸಂಗಡ ಹೊರಟುಹೋಯಿತು, ಕ್ಯಾಸೆಟ್ಟು ನಮ್ಮಲ್ಲಿ ಉಳಿಯಿತು. ಏಳು ವರ್ಷ ಅದು ಟ್ರಂಕಿನಲ್ಲಿತ್ತು. ಅಷ್ಟರಲ್ಲಿ ಆ ಗೆಳತಿ ತೀರಿಹೋಗಿದ್ದರು.

೨೦೦೬ರಲ್ಲಿ ನಮ್ಮ ಮನೆಗೆ ಡಿ.ವಿ.ಡಿ. ಪ್ಲೇಯರ್ ಬಂದಿತು. ತಾಯಿಯವರು ಅದರಲ್ಲಿ ಭಕ್ತಿಪ್ರಧಾನ ಚಲನಚಿತ್ರಗಳನ್ನು ನೋಡುವುದನ್ನು ತಾವಾಗಿಯೇ ಕಲಿತುಕೊಂಡರು. ತಟ್ಟೆಯನ್ನು ಇಡುವುದು, ಗುಂಡಿ ಒತ್ತುವುದು, ಇಷ್ಟೇ ಅವರಿಗೆ ಬೇಕಾದ ವಿದ್ಯೆ. ಒಂದು ದಿನ, "ಯಪ್ಪಾ, ನಾವು ಬೀಸಿದ್ದು ಇದರಾಗ ಹಾಕ್ಸಿ ಕೊಡಾಕ ಬರೂದಿಲ್ಲೇನು?" ಎಂದು ಕೇಳಿದರು. ನಾನು ಕ್ಯಾಸೆಟ್ಟನ್ನು ಪಟ್ಟಣದ ಒಂದು ಸ್ಟುಡಿಯೋಕ್ಕೆ ಒಯ್ದು ಕೊಟ್ಟು, ಎಂಟು ದಿನದ ಮೇಲೆ ಡಿಸ್ಕನ್ನು ತಂದೆ. ಅಂದು ತಾಯಿಯವರು ಇಳಕಲ್ಲ ಸೀರೆ ಉಟ್ಟು, ಓಣಿಯ ನಾಲ್ಕಾರು ಹೆಂಗಸರನ್ನು ಕರೆದು ಕುಳ್ಳಿರಿಸಿಕೊಂಡಿದ್ದರು. ಡಿಸ್ಕು ಹಾಕಿದೆ. ಪ್ಲೇಯರು ಒಂದೆರಡು ಸಲ ಗರಗರ ಸದ್ದು ಮಾಡಿ, ಡಿಸ್ಕೇ ಇಲ್ಲವೆಂದು ಅಕ್ಷರ ತೋರಿಸಿತು. ತೆಗೆದು ಒರೆಸಿ ಹಾಕಿದೆ, ಅದೇ ಉತ್ತರ. ಹೆಂಗಸರು ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿದು ಎದ್ದುಹೋದರು. ತಾಯಿಯವರು ಡಿಸ್ಕನ್ನು ಕೈಯಲ್ಲಿ ಹಿಡಿದು ಹಿಂದುಮುಂದು ತಿರುಗಿಸಿ ನೋಡಿ, "ನನ್ನ ಪದ ಇದರಾಗ ಐತೋ ಇಲ್ಲೋ ಯಪ್ಪಾ?" ಎಂದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಅದೇ ಡಿಸ್ಕನ್ನು ಹಾಕಿದರೆ ಚಿತ್ರ ಚೆನ್ನಾಗಿ ಕಂಡಿತು! ಕಂಪ್ಯೂಟರ್ ಕಲಿಸುತ್ತಿದ್ದ ತರುಣ ಸಹೋದ್ಯೋಗಿಯೊಬ್ಬರು ನೋಡಿ, "ಸರ್, ಇದು ಡೇಟಾ ಡಿಸ್ಕು. ಫೈಲನ್ನು ಹಾಗೆಯೇ ಎತ್ತಿ ಹಾಕಿದ್ದಾರೆ. ಪ್ಲೇಯರಿಗೆ ಇದು ಓದಲಿಕ್ಕೆ ಬರುವುದಿಲ್ಲ" ಎಂದರು. ಸ್ಟುಡಿಯೋದವರಿಗೆ ಹಿಂದಿರುಗಿಸಿದೆ. ಅವರು ಎರಡನೆಯದನ್ನು ಮಾಡಿಕೊಟ್ಟರು. ಅದು ಅವರ ಯಂತ್ರದಲ್ಲಿ ನಡೆಯಿತು, ನಮ್ಮ ಮನೆಯಲ್ಲಿ ಮತ್ತೆ ನಡೆಯಲಿಲ್ಲ. ಮುದ್ರಣ ಮುಗಿದ ಮೇಲೆ ಡಿಸ್ಕನ್ನು ಮುಚ್ಚದೆ ಕೊಟ್ಟಿದ್ದರು. ಕೊನೆಗೆ ಆ ಸಹೋದ್ಯೋಗಿಯವರೇ ಒಂದು ಭಾನುವಾರ ಕುಳಿತು ಮೂರನೆಯದನ್ನು ಸಿದ್ಧಮಾಡಿದರು. ಅದು ಮೊದಲ ಸಲಕ್ಕೇ ನಡೆಯಿತು. ತಾಯಿಯವರು ತಮ್ಮನ್ನು ತಾವು ನೋಡಿಕೊಳ್ಳಲೇ ಇಲ್ಲ. ಎದುರಿಗೆ ಕುಳಿತು ಬೀಸುತ್ತಿದ್ದ ಆ ಗೆಳತಿಯ ಕಡೆ ಬೆರಳು ಮಾಡಿ, "ನೋಡ್ರೆವ್ವಾ, ಎಷ್ಟ ಚಂದ ಕುಂತಾಳ" ಎಂದರು. ಮುಂದಿನ ವರ್ಷ ತಾಯಿಯವರೂ ಲಿಂಗೈಕ್ಯರಾದರು. ಆ ನಡುವಿನ ತಿಂಗಳುಗಳಲ್ಲಿ ಆ ಡಿಸ್ಕನ್ನು ಅವರು ಎಷ್ಟು ಬಾರಿ ಹಾಕಿದರೋ ಲೆಕ್ಕವಿಲ್ಲ.

ಇಲ್ಲಿ ವಿಚಾರಿಸಬೇಕಾದುದು, ಕಂಪ್ಯೂಟರಿಗೆ ಕಂಡದ್ದು ಪ್ಲೇಯರಿಗೆ ಏಕೆ ಕಾಣಲಿಲ್ಲವೆಂಬುದು. ಕಂಪ್ಯೂಟರು ಹಲವು ಭಾಷೆ ಬಲ್ಲ ಪಂಡಿತನಂತೆ; ಹೊಸ ಭಾಷೆಯೊಂದು ಬಂದರೆ ಹೊಸ ತಂತ್ರಾಂಶ ಹಾಕಿ ಕಲಿಸಬಹುದು. ಪ್ಲೇಯರು ಹಾಗಲ್ಲ. ಅದು ಕಾರ್ಖಾನೆಯಲ್ಲಿ ಕಲಿತ ಒಂದೆರಡು ಪಾಠವನ್ನು ಮಾತ್ರ ಒಪ್ಪಿಸುತ್ತದೆ. ೧೯೯೩ರಲ್ಲಿ ರೂಪುಗೊಂಡ ವಿಡಿಯೊ ಸಿ.ಡಿ. ಒಂದು ಪಾಠ, ೧೯೯೬ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿ.ವಿ.ಡಿ. ಇನ್ನೊಂದು ಪಾಠ. ನಮ್ಮ ಪ್ಲೇಯರು ಕೇಳುವ ಡಿ.ವಿ.ಡಿ.ಯ ಕಟ್ಟುಪಾಡು ಹೀಗಿದೆ: ಚಿತ್ರವು ಎಂಪೆಗ್-೨ ಎಂಬ ರೀತಿಯಲ್ಲಿ ಅಡಕವಾಗಿರಬೇಕು. ನಮ್ಮ ದೇಶದ ಟಿ.ವಿ. ಪದ್ಧತಿಯಾದ ಪಾಲ್‌ಗೆ ಅನುಸಾರವಾಗಿ ಅಡ್ಡಕ್ಕೆ ೭೨೦ ಬಿಂದು, ಉದ್ದಕ್ಕೆ ೫೭೬ ಗೆರೆ, ಸೆಕೆಂಡಿಗೆ ೨೫ ಚಿತ್ರಗಳಿರಬೇಕು. ಧ್ವನಿಯ ಮಾದರಿಗಳು ಸೆಕೆಂಡಿಗೆ ೪೮,೦೦೦ ಇರಬೇಕು; ಹಾಡಿನ ಸಿ.ಡಿ.ಯ ೪೪,೧೦೦ ಇಲ್ಲಿ ಸಲ್ಲುವುದಿಲ್ಲ. ಇವೆಲ್ಲವೂ 'ವಿಡಿಯೊ ಟಿ.ಎಸ್.' ಎಂಬ ಒಂದೇ ಹೆಸರಿನ ಕೋಶದೊಳಗೆ ನಿಯಮಿತ ಹೆಸರಿನ ಕಡತಗಳಾಗಿ ಇರಬೇಕು. ಚಿತ್ರ ಮತ್ತು ಧ್ವನಿ ವಿ.ಒ.ಬಿ. ಎಂಬ ಕಡತಗಳಲ್ಲಿ, ಯಾವುದು ಎಲ್ಲಿದೆ, ಯಾವುದರ ಮುಂದೆ ಯಾವುದು ಎಂಬ ಸೂಚಿ ಐ.ಎಫ್.ಒ. ಎಂಬುದರಲ್ಲಿ, ಆ ಸೂಚಿ ಕೆಟ್ಟರೆ ಇರಲೆಂದು ಅದರದೇ ಪ್ರತಿ ಬಿ.ಯು.ಪಿ. ಎಂಬುದರಲ್ಲಿ.

ಇವುಗಳಲ್ಲಿ ಒಂದು ತಪ್ಪಿದರೂ ಪ್ಲೇಯರು ಮುನಿಸಿಕೊಳ್ಳುತ್ತದೆ. ಅಮೆರಿಕದ ಪದ್ಧತಿಯಂತೆ ೪೮೦ ಗೆರೆಗಳಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ಹಳೆಯ ಟಿ.ವಿ.ಗೆ ಜೋಡಿಸಿದರೆ, ಚಿತ್ರವು ಬಣ್ಣಗೆಟ್ಟು ಮೇಲಕ್ಕೂ ಕೆಳಕ್ಕೂ ಉರುಳುವುದುಂಟು. ಪರದೇಶದಲ್ಲಿರುವ ಮಕ್ಕಳು ಅಲ್ಲಿಂದ ಮೊಮ್ಮಕ್ಕಳ ಡಿಸ್ಕು ಕಳಿಸಿದಾಗ ಅನೇಕ ಮನೆಗಳಲ್ಲಿ ಹೀಗೆಯೇ ಆಗಿದೆ. ಇಂದಿನ ಮೊಬೈಲಿನಲ್ಲಿ ತೆಗೆದ ಚಿತ್ರ ಸಾಮಾನ್ಯವಾಗಿ ಎಚ್.೨೬೪ ಅಥವಾ ಅದಕ್ಕೂ ಈಚಿನ ರೀತಿಯದು, ಆ ಎಚ್.೨೬೪ ನಿಶ್ಚಿತವಾದದ್ದೇ ೨೦೦೩ರಲ್ಲಿ. ಅದಕ್ಕೂ ಮೊದಲೇ ಹುಟ್ಟಿದ ಡಿ.ವಿ.ಡಿ.ಯ ಕಟ್ಟುಪಾಡಿನಲ್ಲಿ ಅದಕ್ಕೆ ಸ್ಥಾನವಿಲ್ಲ. ಆದುದರಿಂದ ಮೊಬೈಲಿನ ಫೈಲನ್ನು ಡಿಸ್ಕಿನ ಮೇಲೆ ಹಾಗೆಯೇ ಎಳೆದುಹಾಕಿ 'ಡಿ.ವಿ.ಡಿ. ಮಾಡಿದೆ' ಎಂದರೆ, ಅದು ತೆಲುಗು ಬಾರದವರಿಗೆ ತೆಲುಗಿನಲ್ಲಿ ಪತ್ರ ಬರೆದಂತೆ. ಮೊದಲು ಎಂಪೆಗ್-೨ಕ್ಕೆ ಮಾರ್ಪಡಿಸಿ, ಕೋಶವನ್ನು ಕಟ್ಟಿ, ಅನಂತರ ರೈಟ್ ಮಾಡಬೇಕು. ಡಿ.ವಿ.ಡಿ. ಸ್ಟೈಲರ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಮಾಡಿಕೊಡುತ್ತದೆ. ವಿಂಡೋಸ್‌ನ ವಿಸ್ಟಾ ಮತ್ತು ೭ನೆಯ ಆವೃತ್ತಿಗಳ ಕೆಲವು ಬಗೆಗಳಲ್ಲಿ ಡಿ.ವಿ.ಡಿ. ಮೇಕರ್ ಎಂಬುದು ಜೊತೆಗೇ ಬರುತ್ತಿತ್ತು. ೨೦೧೨ರಲ್ಲಿ ಬಂದ ೮ನೆಯ ಆವೃತ್ತಿಯಿಂದ ಅದನ್ನು ತೆಗೆದುಹಾಕಿದರು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಒಂದು ಪದರದ ಡಿ.ವಿ.ಡಿ.ಯಲ್ಲಿ ಹಿಡಿಯುವುದು ೪.೭ ಗಿಗಾಬೈಟ್. ಮಿನಿ ಡಿ.ವಿ. ಕ್ಯಾಸೆಟ್ಟಿನ ಒಂದು ಗಂಟೆಯ ಮುದ್ರಣವನ್ನು ಯಥಾವತ್ತಾಗಿ ಕಂಪ್ಯೂಟರಿಗೆ ಇಳಿಸಿದರೆ ಸುಮಾರು ೧೩ ಗಿಗಾಬೈಟ್ ಆಗುತ್ತದೆ. ಎಂದ ಮೇಲೆ ಡಿಸ್ಕಿನಲ್ಲಿರುವುದು ಮೂಲವಲ್ಲ, ಮೂಲದ ಸಾರ ಮಾತ್ರ. ಒಂದು ಡಿಸ್ಕಿಗೆ ಒಂದು ಗಂಟೆ ಹಾಕಿದರೆ ಚಿತ್ರ ಉತ್ತಮ, ಎರಡು ಗಂಟೆಯಾದರೆ ಮಧ್ಯಮ. ಮದುವೆಯ ನಾಲ್ಕೈದು ಗಂಟೆಯ ಮುದ್ರಣವನ್ನು ಒಂದೇ ಡಿಸ್ಕಿಗೆ ತುರುಕಿದರೆ, ವಧುವಿನ ಮುಖವು ಚೌಕ ಚೌಕವಾಗಿ ಒಡೆದು ಕಾಣುವುದು ಸಹಜವೇ. ಮಿತವ್ಯಯ ಒಳ್ಳೆಯ ಗುಣ. ಆದರೆ ಹತ್ತಿಪ್ಪತ್ತು ರೂಪಾಯಿಯ ಇನ್ನೊಂದು ಡಿಸ್ಕನ್ನು ಉಳಿಸಲು ಹೋಗಿ ಲಕ್ಷಗಟ್ಟಲೆ ಖರ್ಚುಮಾಡಿದ ಮದುವೆಯ ಚಿತ್ರವನ್ನು ಕೆಡಿಸಿಕೊಳ್ಳುವುದು ಮಿತವ್ಯಯವಲ್ಲ. ಡಿಸ್ಕು ಬಂದಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯುವುದಂತೂ ಬೆಲ್ಲದ ರುಚಿ ಕಂಡು ಕಬ್ಬಿನ ಗದ್ದೆಗೆ ಬೆಂಕಿಯಿಟ್ಟಂತೆ.

ಅಂಗಡಿಯಲ್ಲಿ ದೊರೆಯುವ ಚಲನಚಿತ್ರದ ಡಿಸ್ಕಿಗೂ ನಾವು ಮನೆಯಲ್ಲಿ ರೈಟ್ ಮಾಡುವ ಡಿಸ್ಕಿಗೂ ಹೊರನೋಟಕ್ಕೆ ಭೇದವಿಲ್ಲ. ಒಳಗೆ ಬಹಳ ಭೇದವಿದೆ. ಮೊದಲನೆಯದರಲ್ಲಿ ಕಾರ್ಖಾನೆಯ ಅಚ್ಚಿನಿಂದ ಒತ್ತಿದ ಸೂಕ್ಷ್ಮ ಕುಳಿಗಳಿವೆ. ಎರಡನೆಯದರಲ್ಲಿ ಒಂದು ಬಗೆಯ ಸಾವಯವ ಬಣ್ಣದ ಪದರವಿದ್ದು, ಕೆಂಪು ಲೇಸರ್ ಕಿರಣವು ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಣ್ಣವೆಂದ ಮೇಲೆ ಬಿಸಿಲಿಗೆ, ಸೆಕೆಗೆ, ತೇವಕ್ಕೆ ಮಾಸುವುದು ಅದರ ಸ್ವಭಾವ. ಆದುದರಿಂದ ಒಳ್ಳೆಯ ತಯಾರಿಕೆಯ ಡಿಸ್ಕನ್ನೇ ಕೊಳ್ಳಬೇಕು. ಅತಿ ವೇಗದಲ್ಲಿ ರೈಟ್ ಮಾಡದೆ ಮಧ್ಯಮ ವೇಗದಲ್ಲಿ ಮಾಡಬೇಕು. ಕೊನೆಯಲ್ಲಿ ತಪ್ಪದೆ 'ಫೈನಲೈಜ್' ಮಾಡಬೇಕು, ಅಂದರೆ ಮುದ್ರಣ ಇಲ್ಲಿಗೆ ಮುಗಿಯಿತೆಂಬ ಗುರುತನ್ನು ಬರೆದು ಮುಚ್ಚಬೇಕು. ಬೇರೆ ಪ್ಲೇಯರುಗಳು ಆ ಗುರುತನ್ನು ಕಂಡಲ್ಲದೆ ಒಳಗೆ ಹೋಗುವುದಿಲ್ಲ. ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಆರ್.ಡಬ್ಲ್ಯು. ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಕೆಲವು ಪ್ಲೇಯರುಗಳಿಗೆ ಅವು ಸರಿಹೋಗುವುದಿಲ್ಲ. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಿದರೆ ತಿರುಗುವಾಗ ತೂಕ ತಪ್ಪುತ್ತದೆ. ಮೃದು ತುದಿಯ ಪೆನ್ನಿನಿಂದ ಮೇಲ್ಮೈಯಲ್ಲಿ ಬರೆಯುವುದು ಲೇಸು. ಒರೆಸುವಾಗ ಗುಂಡಗೆ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಿದ್ಧವಾದ ಡಿಸ್ಕನ್ನು ರೈಟ್ ಮಾಡಿದ ಯಂತ್ರದಲ್ಲಿಯೇ ನೋಡಿ ತೃಪ್ತರಾಗದೆ, ಯಾರಿಗಾಗಿ ಮಾಡಿದೆವೋ ಅವರ ಮನೆಯ ಪ್ಲೇಯರಿನಂಥ ಇನ್ನೊಂದರಲ್ಲಿ ಕೊನೆಯವರೆಗೆ ಓಡಿಸಿ ನೋಡಬೇಕು. ನಮ್ಮ ತಾಯಿಯವರ ಎರಡು ಭಾನುವಾರಗಳು ವ್ಯರ್ಥವಾದದ್ದು ಈ ಒಂದು ಪರೀಕ್ಷೆಯನ್ನು ಯಾರೂ ಮಾಡದಿದ್ದುದರಿಂದ.

ಇಷ್ಟಾದರೂ ನಮ್ಮ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರಲ್ಲಿ ತಂಗಿಯ ಮಗಳು ಅಜ್ಜಿಯ ಪದಗಳನ್ನು ಬರೆದುಕೊಳ್ಳಬೇಕೆಂದು ಬಂದಾಗ ಆ ಮೂರನೆಯ ಡಿಸ್ಕನ್ನು ಹೊರತೆಗೆದೆವು. ಹದಿಮೂರು ವರ್ಷ ಕಿಟಕಿಯ ಪಕ್ಕದ ಕಪಾಟಿನಲ್ಲಿದ್ದ ಅದನ್ನು ಯಾವ ಪ್ಲೇಯರೂ ಓದಲಿಲ್ಲ, ಯಾವ ಕಂಪ್ಯೂಟರೂ ಓದಲಿಲ್ಲ. ಪುಣ್ಯವಶಾತ್ ಮೂಲ ಕ್ಯಾಸೆಟ್ಟು ಟ್ರಂಕಿನಲ್ಲಿತ್ತು. ಭಾವನವರ ಮನೆಯ ಅಟ್ಟದಿಂದ ಹಳೆಯ ಕ್ಯಾಮರಾವನ್ನು ಇಳಿಸಿ, ಬಲ್ಲವರಿಂದ ಸ್ವಚ್ಛಮಾಡಿಸಿ ಓಡಿಸಿದೆವು. ಟೇಪಿಗೆ ಬೂಷ್ಟು ಹಿಡಿದಿತ್ತು. ನಲವತ್ತೆರಡು ನಿಮಿಷದಲ್ಲಿ ಇಪ್ಪತ್ತಾರು ನಿಮಿಷ ಮಾತ್ರ ದಕ್ಕಿತು. ಉಳಿದ ಹದಿನಾರು ನಿಮಿಷದಲ್ಲಿದ್ದ ಪದಗಳನ್ನು ಹಾಡಬಲ್ಲವರು ಇಂದು ನಮ್ಮ ಓಣಿಯಲ್ಲಿ ಇಲ್ಲ. ಡಿಸ್ಕು ಚೆನ್ನಾಗಿದ್ದ ಕಾಲದಲ್ಲಿ ಅದರ 'ವಿಡಿಯೊ ಟಿ.ಎಸ್.' ಕೋಶವನ್ನು ಶಾಲೆಯ ಕಂಪ್ಯೂಟರಿಗೆ ಎಳೆದಿಟ್ಟುಕೊಂಡಿದ್ದರೆ ಆ ಹದಿನಾರು ನಿಮಿಷವೂ ಉಳಿಯುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಅರ್ಧ ಗಂಟೆಯ ಕೆಲಸ. ಹದಿಮೂರು ವರ್ಷದಲ್ಲಿ ಆ ಅರ್ಧ ಗಂಟೆ ನನಗೆ ದೊರೆಯಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ. ಸ್ಟುಡಿಯೋದವರ ತಪ್ಪು ಎರಡು ಭಾನುವಾರಗಳಷ್ಟು; ನನ್ನ ತಪ್ಪು ಶಾಶ್ವತವಾದದ್ದು.

ಇಂಥ ಅಜಾಗರೂಕತೆ ಹಳ್ಳಿಯ ಮೇಷ್ಟರದು ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ೧೦೮೬ರಲ್ಲಿ ದೊರೆ ಒಂದನೆಯ ವಿಲಿಯಮನ ಆಜ್ಞೆಯಂತೆ ಭೂಮಿ, ಒಕ್ಕಲು, ದನಕರುಗಳ ಲೆಕ್ಕವನ್ನು ಚರ್ಮದ ಹಾಳೆಗಳಲ್ಲಿ ಬರೆದಿಟ್ಟರು. ಅದಕ್ಕೆ ಡೂಮ್ಸ್‌ಡೇ ಬುಕ್ ಎಂದು ಹೆಸರು. ಅದರ ಒಂಬೈನೂರನೆಯ ವರ್ಷದ ಸ್ಮರಣಾರ್ಥವಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ತಮ್ಮ ಊರಿನ ವಿಷಯ ಬರೆದರು, ಛಾಯಾಚಿತ್ರ ತೆಗೆದರು. ಒಟ್ಟು ಹತ್ತು ಲಕ್ಷಕ್ಕೂ ಮಿಕ್ಕ ಜನ ಅದರಲ್ಲಿ ಕೈಗೂಡಿಸಿದರೆಂದು ಹೇಳುತ್ತಾರೆ. ಎಲ್ಲವನ್ನೂ ಎರಡು ದೊಡ್ಡ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಅವನ್ನು ಓದುವುದಕ್ಕೆ ವಿಶೇಷವಾದೊಂದು ಪ್ಲೇಯರೂ ಅದಕ್ಕೆ ಹೊಂದುವ ಕಂಪ್ಯೂಟರೂ ಬೇಕಾಗಿದ್ದವು. ಬೆಲೆ ಸಾವಿರಾರು ಪೌಂಡು. ಬರೆದ ಮಕ್ಕಳ ಶಾಲೆಗಳಲ್ಲಿಯೇ ಎಷ್ಟೋ ಶಾಲೆಗಳಿಗೆ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳು ವಿರಳವಾದವು. ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಪಂಡಿತರು ಶ್ರಮಪಟ್ಟು, ಆ ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶವನ್ನು ರಚಿಸಿ ಒಳಗಿನದನ್ನು ಹೊರತೆಗೆದರು. ೨೦೧೧ರಲ್ಲಿ ಬಿ.ಬಿ.ಸಿ.ಯು ಮಕ್ಕಳು ಬರೆದ ಭಾಗವನ್ನು ಸಾರ್ವಜನಿಕರಿಗಾಗಿ ಅಂತರಜಾಲದಲ್ಲಿ ಪ್ರಕಟಿಸಿತು. ಒಂಬೈನೂರು ವರ್ಷದ ಹಳೆಯ ಚರ್ಮದ ಹಾಳೆಯನ್ನಾದರೋ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಲ್ಯಾಟಿನ್ ಬಲ್ಲವರು ಓದಬಲ್ಲರು!

"ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಡಿಸ್ಕು ಪ್ಲೇಯರುಗಳ ಕಾಲ ಮುಗಿಯಿತು, ಇನ್ನೂ ಇವರು ಅದೇ ಪುರಾಣ ಹೇಳುತ್ತಾರೆ" ಎಂದು ತರುಣ ವಾಚಕರು ನಕ್ಕಾರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ೨೦೧೬ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಸೋನಿ ಕಂಪನಿಯು ೨೦೨೫ರ ಫೆಬ್ರವರಿಯಲ್ಲಿ ರೈಟ್ ಮಾಡುವ ಬ್ಲೂ-ರೇ ಡಿಸ್ಕು ಹಾಗೂ ಮಿನಿ ಡಿ.ವಿ. ಕ್ಯಾಸೆಟ್ಟುಗಳ ತಯಾರಿಕೆಯನ್ನು ಕೈಬಿಟ್ಟಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಇಡುವ ತಟ್ಟೆಯೇ ಇರುವುದು ಅಪರೂಪ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ನನ್ನ ವಾದ ದುರ್ಬಲವಾಗದೆ ಇನ್ನಷ್ಟು ಬಲಗೊಳ್ಳುತ್ತದೆ. ಯಂತ್ರಗಳು ಮಾಯವಾಗುತ್ತಿರುವಾಗಲೇ ಅಲ್ಲವೆ ಕಪಾಟಿನಲ್ಲಿರುವುದನ್ನು ಅವಸರದಿಂದ ಹೊರತೆಗೆಯಬೇಕಾದದ್ದು? ಯು.ಎಸ್.ಬಿ. ತಂತಿಯಿಂದ ಜೋಡಿಸುವ ಡಿ.ವಿ.ಡಿ. ಡ್ರೈವು ಇಂದಿಗೂ ಸುಲಭ ಬೆಲೆಗೆ ದೊರೆಯುತ್ತದೆ. ಅದು ದೊರೆಯುವವರೆಗೆ ಡಿಸ್ಕುಗಳನ್ನು ಕಂಪ್ಯೂಟರಿಗೆ ಪ್ರತಿಮಾಡಿಕೊಳ್ಳುವುದು ಒಬ್ಬ ವಿದ್ಯಾರ್ಥಿಯ ಕೆಲಸ. ದೊರೆಯದಾದ ಮೇಲೆ ಅದು ವಿಶ್ವವಿದ್ಯಾಲಯದ ಪಂಡಿತರ ಕೆಲಸವಾಗುತ್ತದೆ.

ಮೊಬೈಲು ಇದೆಯೆಂಬ ಧೈರ್ಯವೂ ಪೂರ್ಣ ಧೈರ್ಯವಲ್ಲ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರವು ದಾರಿಯಲ್ಲಿಯೇ ಕುಗ್ಗುತ್ತದೆ. ಅದನ್ನು ಮುಂದೆ ಕಳಿಸಿದವರಲ್ಲಿ ಮೂಲ ಯಾರ ಬಳಿಯೂ ಇರುವುದಿಲ್ಲ. ಮೊಬೈಲು ಬಿದ್ದು ಒಡೆದರೆ, ಖಾತೆಯ ಗುಪ್ತಪದ ಬಲ್ಲವರು ತೀರಿಹೋದರೆ, ಹತ್ತು ವರ್ಷದ ಚಿತ್ರಗಳು ಒಂದೇ ದಿನದಲ್ಲಿ ಹೋಗುತ್ತವೆ. ಅಲ್ಲದೆ ನೋಡುವವರ ಪ್ರಶ್ನೆ ಹಾಗೆಯೇ ಉಳಿದಿದೆ. ಅಂಗೈಯಗಲದ ಗಾಜಿನಲ್ಲಿ ಮೊಮ್ಮಗನ ಮುಖವನ್ನು ಕಣ್ಣು ಕಿರಿದುಮಾಡಿ ನೋಡುವ ಅಜ್ಜಿಗೆ ಟಿ.ವಿ.ಯಲ್ಲಿ ದೊಡ್ಡದಾಗಿ ತೋರಿಸಿದರೆ ಆಗುವ ಸಂತೋಷವೇ ಬೇರೆ. ಅವರ ಮನೆಯಲ್ಲಿ ಪ್ಲೇಯರ್ ನಡೆಯುತ್ತಿದ್ದರೆ ಇಂದಿಗೂ ಒಂದು ಡಿ.ವಿ.ಡಿ. ಮಾಡಿಕೊಡುವುದು ಯೋಗ್ಯವೇ. ಹೊಸ ಟಿ.ವಿ. ಇದ್ದರೆ ಪೆನ್ ಡ್ರೈವಿನಲ್ಲಿ ಹಾಕಿಕೊಡಬಹುದು. ಆದರೆ ಅಲ್ಲಿಯೂ ಅದೇ ನಿಯಮ: ಟಿ.ವಿ. ಬಲ್ಲ ರೀತಿಯಲ್ಲಿ ಅಡಕಮಾಡಬೇಕು, ಅವರ ಟಿ.ವಿ.ಯಲ್ಲಿಯೇ ಪರೀಕ್ಷಿಸಬೇಕು, ಮೂಲವನ್ನು ಬೇರೆ ಇಟ್ಟುಕೊಳ್ಳಬೇಕು. ಸಾಧನ ಬದಲಾಯಿತೇ ಹೊರತು ಧರ್ಮ ಬದಲಾಗಲಿಲ್ಲ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಕಛೇರಿಯ ಕಪಾಟಿನಲ್ಲಿ ಸ್ನೇಹ ಸಮ್ಮೇಳನಗಳ, ನಾಟಕಗಳ, ನಿವೃತ್ತ ಗುರುಗಳ ಬೀಳ್ಕೊಡುಗೆಯ, ಪೂಜ್ಯರ ಆಶೀರ್ವಚನದ ಕ್ಯಾಸೆಟ್ಟು ಡಿಸ್ಕುಗಳು ಇವೆ. ಕೆಲವಕ್ಕೆ ಹೆಸರುಂಟು, ಹಲವಕ್ಕೆ ಇಲ್ಲ. ಆಡಳಿತ ಮಂಡಳಿಯವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಇಷ್ಟು. ಮೊದಲನೆಯದಾಗಿ, ಇರುವುದೆಲ್ಲವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಕಾಗದದ ಮೇಲೆಯೇ ಪಟ್ಟಿಮಾಡಬೇಕು. ಎರಡನೆಯದಾಗಿ, ಪ್ರತಿಯೊಂದನ್ನೂ ಕಂಪ್ಯೂಟರಿಗೆ ಇಳಿಸಿ, ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಮಠದ ಗ್ರಂಥಾಲಯದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರುವಂತೆ ಏರ್ಪಡಿಸಬೇಕು; ಒಂದು ಕಡೆ ಬೆಂಕಿಯೋ ನೆರೆಯೋ ಬಂದರೂ ಇನ್ನೊಂದು ಕಡೆ ಉಳಿಯುತ್ತದೆ. ಮೂರನೆಯದಾಗಿ, ಐದು ವರ್ಷಕ್ಕೊಮ್ಮೆ ಅವೆಲ್ಲವನ್ನೂ ತೆರೆದು ನೋಡಿ ಹೊಸ ಸಾಧನಕ್ಕೆ ಪ್ರತಿಮಾಡಬೇಕು. ನಾಲ್ಕನೆಯದಾಗಿ, ಚಿತ್ರದಲ್ಲಿ ಕಾಣುವವರು ಯಾರು, ಎಂದು, ಎಲ್ಲಿ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಹೆಸರಿಲ್ಲದ ಚಿತ್ರವು ಐವತ್ತು ವರ್ಷದಲ್ಲಿ ಪರದೇಶಿಯಾಗುತ್ತದೆ. ಐದನೆಯದಾಗಿ, ಮನೆಯವರು ಮನೆಯವರಿಗಾಗಿ ತೆಗೆದದ್ದನ್ನು ಅವರ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಜಾಲಕ್ಕೆ ಏರಿಸಬಾರದು.

ಈ ಕೆಲಸಕ್ಕೆ ಹೆಚ್ಚಿನ ಹಣ ಬೇಡ. ಒಂದು ಕಂಪ್ಯೂಟರು, ಎರಡು ಡ್ರೈವು, ಒಂದು ಹಳೆಯ ಪ್ಲೇಯರು, ವಾರಕ್ಕೊಂದು ಅವಧಿ ಇದ್ದರೆ ಸಾಕು. ಒಂಬತ್ತನೆಯ ತರಗತಿಯ ಮಕ್ಕಳೇ ಇದನ್ನು ಮಾಡಬಲ್ಲರು. ತಮ್ಮ ಓಣಿಯ ಮನೆಗಳ ಡಿಸ್ಕುಗಳನ್ನು ತಂದು ಪ್ರತಿಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯ ಸಮಾಜಸೇವೆಯ ಪಾಠ ಯಾವುದಿದ್ದೀತು? ತನ್ನ ಅಜ್ಜನ ದನಿಯನ್ನು ತಾನೇ ಉಳಿಸಿದ ಹುಡುಗನು ಇತಿಹಾಸವನ್ನು ಬೇರೆಯೇ ಕಣ್ಣಿನಿಂದ ಓದುತ್ತಾನೆ.

ನಮ್ಮ ಹಿರಿಯರು ಓಲೆಗರಿಯ ಕಟ್ಟುಗಳನ್ನು ಉಳಿಸಿದ್ದು ಹೇಗೆ? ಓಲೆ ಅಮರವೆಂದು ಅವರು ನಂಬಿರಲಿಲ್ಲ. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆಂದು ಬಲ್ಲವರಾಗಿದ್ದರು. ಆದುದರಿಂದಲೇ ತಲೆಮಾರಿಗೊಬ್ಬರು ಕುಳಿತು, ಕಂಟದಿಂದ ಮತ್ತೆ ಬರೆದು, ಮುಂದಿನವರ ಕೈಗಿಟ್ಟರು. ನಮಗೆ ತಲುಪಿದ್ದು ಓಲೆಯ ಬಲದಿಂದಲ್ಲ, ಪ್ರತಿಮಾಡಿದವರ ಬಲದಿಂದ. ನಮ್ಮ ಕಾಲದ ಓಲೆ ಈ ಡಿಸ್ಕು, ಈ ಡ್ರೈವು. ಅವಕ್ಕೂ ಪ್ರತಿಕಾರರು ಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಾಡಬೇಕಾಗಿದ್ದವನು ನಾನು. ಹದಿನಾರು ನಿಮಿಷದಷ್ಟು ಸೋತೆನು. ಉಳಿದ ಇಪ್ಪತ್ತಾರು ನಿಮಿಷ ಈಗ ಮೂರು ಮನೆಗಳಲ್ಲಿದೆ, ತಂಗಿಯ ಮಗಳ ನೋಟುಪುಸ್ತಕದಲ್ಲಿ ಅಕ್ಷರವಾಗಿಯೂ ಇದೆ. ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ಮೇಲೆ ತಮ್ಮ ತಮ್ಮ ಕಪಾಟನ್ನು ಒಮ್ಮೆ ತೆರೆದು ನೋಡಬೇಕೆಂದು ವಾಚಕರಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.